ಹೊಲದ ಔಷಧಿ, ಕಟ್ಟೆಯ ನೀರು



ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮಳೆ ಕಡಿಮೆ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಆದರೆ ಬಂದಾಗ ಒಮ್ಮೆಲೇ ಸುರಿಯುತ್ತದೆ. ಮಸಾರಿ ನೆಲ ಹೆಪ್ಪುಗಟ್ಟಿ ನೀರು ಇಂಗುವುದಿಲ್ಲ. ಬದು ದಾಟಿ ಹಳ್ಳಕ್ಕೆ, ಗೋಕಟ್ಟೆಗೆ ಹರಿಯುತ್ತದೆ. ಮಿಕ್ಕದ್ದು ಚಿನ್ನಹಗರಿ, ವೇದಾವತಿಗಳನ್ನು ಸೇರುತ್ತದೆ. ಕಟ್ಟೆಯ ನೀರನ್ನು ನಮ್ಮ ಕುರಿ, ದನ ಕುಡಿಯುತ್ತವೆ. ಶೇಂಗಾಕ್ಕೆ ಹೊಡೆದ ಔಷಧಿ ಅದರಲ್ಲಿ ಎಷ್ಟು ಸೇರೀತು? ಇದನ್ನು ಮನೆಯಲ್ಲೇ ಅಂದಾಜು ಮಾಡಬಹುದು.

ಹೇನಿನ ಹತೋಟಿಗೆ ಎಕರೆಗೆ 400 ಮಿಲಿ ಕ್ಲೋರ್‌ಪೈರಿಫಾಸ್ 20 ಇ.ಸಿ. ಹೊಡೆದಿರೆನ್ನಿ. ಅದರಲ್ಲಿರುವ ವಿಷ 80 ಗ್ರಾಂ. ಹೊಲದಿಂದ ಕೊಚ್ಚಿಹೋಗುವುದು ಸಾಮಾನ್ಯವಾಗಿ ನೂರಕ್ಕೆ ಅರ್ಧ ಪಾಲು ಅಥವಾ ಇನ್ನೂ ಕಡಿಮೆ. ಹೊಡೆದ ಒಂದೆರಡು ವಾರದೊಳಗೆ ಬಿರುಮಳೆಯಾದರೆ ಮಾತ್ರ ಹೆಚ್ಚುತ್ತದೆ. ಅಮೆರಿಕದ ವಿಜ್ಞಾನಿ ವಾಚೋಪ್ 1978ರಲ್ಲಿ ಅನೇಕ ಹೊಲಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಇದನ್ನು ತೋರಿಸಿದರು. ನಾವು ನೂರಕ್ಕೆ ಒಂದು ಪಾಲು ಎಂದು ಹಿಡಿಯೋಣ: 0.8 ಗ್ರಾಂ. ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರ್. ಹತ್ತು ಮಿಲಿಮೀಟರ್ ಹರಿದುಹೋದರೆ 40,000 ಲೀಟರ್. ಭಾಗಿಸಿದರೆ ಲೀಟರಿಗೆ 20 ಮೈಕ್ರೋಗ್ರಾಂ. ಗ್ರಾಂನ ಹತ್ತು ಲಕ್ಷದ ಒಂದು ಪಾಲೇ ಮೈಕ್ರೋಗ್ರಾಂ.

ಕುಡಿಯುವ ನೀರಿನಲ್ಲಿ ಈ ಔಷಧಿಗೆ ಭಾರತೀಯ ಮಾನಕ ಬ್ಯೂರೋ ಇಟ್ಟಿರುವ ಮಿತಿ ಲೀಟರಿಗೆ 30. ಅಂದರೆ ನಮ್ಮ ಲೆಕ್ಕ ಮಿತಿಯ ಒಳಗೇ ಇದೆ. ಆದರೆ ಕೆಲವು ಮೀನು, ನೀರಿನ ಹುಳುಗಳಿಗೆ ಇದರ ಹತ್ತನೆಯ ಒಂದು ಪಾಲೇ ಮಾರಕ. ಮಳೆ ಮರುದಿನವೇ ಬಂದು ಎರಡು ಪಾಲು ಕೊಚ್ಚಿಹೋದರೆ ನಮ್ಮ ಮಿತಿಯೂ ದಾಟಿತು.

ಈಗ ಇನ್ನೊಂದು ಲೆಕ್ಕ ನೋಡಿ. ಡಬ್ಬದ ತಳದಲ್ಲಿ ಉಳಿಯುವ 4 ಮಿಲಿ ಔಷಧಿ ಒಂದು ಸಣ್ಣ ಚಮಚದಷ್ಟೂ ಇಲ್ಲ. ಅದರಲ್ಲಿರುವ ವಿಷವೂ 0.8 ಗ್ರಾಂ! ಎಕರೆಗೆ 200 ಲೀಟರ್ ನೀರಿನಲ್ಲಿ ಕಲಸಿದ್ದರೆ, ಪಂಪಿನಲ್ಲಿ ಉಳಿದ ಎರಡು ಲೀಟರಿನಲ್ಲೂ ಅಷ್ಟೇ ಇರುತ್ತದೆ. ಕಟ್ಟೆಯಲ್ಲಿ ಡಬ್ಬ, ಪಂಪು ತೊಳೆದರೆ, ಇಡೀ ಎಕರೆಯಿಂದ ಮಳೆ ತರುವಷ್ಟು ವಿಷವನ್ನು ನಾವೇ ಕೈಯಾರೆ ಸುರಿದಂತಾಯಿತು. ಬೇಸಿಗೆಗೆ ನೀರು ಇಳಿದ ಕಟ್ಟೆಯಲ್ಲಂತೂ ಅದನ್ನು ತೆಳುಮಾಡಲು ನೀರೇ ಇರುವುದಿಲ್ಲ.

ಆದ್ದರಿಂದ ಡಬ್ಬವನ್ನು ಮೂರು ಬಾರಿ ತೊಳೆದು, ಆ ನೀರನ್ನು ಪಂಪಿಗೇ ಸುರಿದು ಹೊಲಕ್ಕೇ ಹೊಡೆಯಿರಿ. ಖಾಲಿ ಡಬ್ಬಕ್ಕೆ ತೂತು ಹಾಕಿ. ನೀರು ತರಲು ಬಳಸಬೇಡಿ. ಮೋಡ ಕವಿದಿರುವಾಗ ಹೊಡೆಯಬೇಡಿ. ಕ್ಲೋರ್‌ಪೈರಿಫಾಸ್ ಮಣ್ಣಿಗೆ ಅಂಟಿಕೊಂಡು ಕೆಂಪು ನೀರಿನ ಜೊತೆ ಹೋಗುವಂಥದು. ಇಳಿಜಾರಿಗೆ ಅಡ್ಡವಾಗಿ ಬಿತ್ತಿ, ಬದುವಿನ ಮೇಲೆ ಹುಲ್ಲು ಬೆಳೆಸಿದರೆ ಮಣ್ಣೂ ಉಳಿದೀತು, ನೀರೂ ಉಳಿದೀತು. ನೀರಿನಲ್ಲಿ ಕರಗುವ ಔಷಧಿಗಳನ್ನು ಮಾತ್ರ ಬದು ತಡೆಯಲಾರದು. ಅವುಗಳಿಗೆ ಒಂದೇ ಉಪಾಯ: ಬೇಕಾದಾಗ ಮಾತ್ರ, ಬೇಕಾದಷ್ಟೇ.

ಮಳೆ ನಮ್ಮ ಕೈಯಲ್ಲಿಲ್ಲ. ಆ ಕೊನೆಯ ಚಮಚ ನಮ್ಮ ಕೈಯಲ್ಲೇ ಇದೆ.