ಪಂಪಿಗೂ ಕೊಳವೆಗೂ ನಡುವೆ ಒಂದು ಆಗಮ ಸಂಧಿ

ಜೋಡಿಸುವ ಕೆಲಸ ಸುಲಭವಾದಷ್ಟೂ ಜೋಡಣೆಯ ಬಗೆಗಿನ ನಮ್ಮ ಎಚ್ಚರ ಕಡಿಮೆಯಾಗುತ್ತ ಹೋಗುತ್ತದೆ ಎಂಬುದು ನನ್ನ ಬಹುದಿನಗಳ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಬರೆದ ಪತ್ರ ಅದನ್ನು ಮತ್ತಷ್ಟು ಗಟ್ಟಿಮಾಡಿತು. ಅವನ ವಾಸ ಅಲ್ಲಿಯ ಕಾಲುವೆಯೊಂದರ ಮೇಲೆ, 'ನ್ಯಾರೋಬೋಟ್' ಎಂಬ ಉಕ್ಕಿನ ದೋಣಿಮನೆಯಲ್ಲಿ. ನೀರಿನ ಪಂಪನ್ನು ಹೊಸ ಪ್ಲಾಸ್ಟಿಕ್ ಕೊಳವೆಗೆ ನೇರವಾಗಿ ಸಿಕ್ಕಿಸಿಬಿಡಬಹುದೆಂದೂ ನಡುವೆ ಬಳುಕುವ ಹೋಸ್ ಪೈಪು ಹಾಕುವುದು ದಂಡವೆಂದೂ ಕೆಲಸಗಾರನೊಬ್ಬ ಹೇಳಿದನಂತೆ. "ನೀವೇನನ್ನುತ್ತೀರಿ ಸಾರ್?" ಎಂಬುದು ಅವನ ಪ್ರಶ್ನೆ. ಆ ತುಂಡು ಕೊಳವೆ ಬೇಕೇ ಬೇಕು ಎಂಬುದು ನನ್ನ ಖಚಿತವಾದ ನಿಲುವು. ಕಾರಣಗಳನ್ನು ಇಲ್ಲಿ ವಿವರಿಸುತ್ತೇನೆ.

ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮೊದಲಾದ ಎಂಜಿನಿಯರುಗಳು ತೋಡಿಸಿದ ಕಿರುಗಾಲುವೆಗಳ ಜಲದ್ವಾರಗಳು ಸುಮಾರು 7 ಅಡಿ ಅಗಲದವು. ಹಾಗಾಗಿ ಅಲ್ಲಿ ಓಡಾಡುವ ದೋಣಿಗಳ ಅಗಲ 6 ಅಡಿ 10 ಅಂಗುಲದ ಆಸುಪಾಸಿನಲ್ಲೇ ನಿಂತಿತು. ಕಲ್ಲಿದ್ದಲು ಹೊರುತ್ತಿದ್ದ ಆ ದೋಣಿಗಳ ಆಕಾರವನ್ನೇ ಉಳಿಸಿಕೊಂಡು ಇಂದು ಜನ ಅವುಗಳಲ್ಲಿ ಸಂಸಾರ ಹೂಡಿದ್ದಾರೆ. ಸಾಮಾನ್ಯವಾಗಿ ಮುಂಭಾಗದಲ್ಲಿ ಸಿಹಿನೀರಿನ ತೊಟ್ಟಿ ಇರುತ್ತದೆ. ನಲ್ಲಿ ತಿರುಗಿಸಿದೊಡನೆ 12 ವೋಲ್ಟಿನ ಪುಟ್ಟ ಪಂಪು ಚಾಲೂ ಆಗಿ ನೀರನ್ನು ಒತ್ತುತ್ತದೆ. ನಲ್ಲಿ ಮುಚ್ಚಿದರೆ ಒತ್ತಡ ಏರಿ ಒಳಗಿನ ಸ್ವಿಚ್ಚು ಪಂಪನ್ನು ನಿಲ್ಲಿಸುತ್ತದೆ.

ಈ ಪಂಪಿನ ಸ್ವಭಾವವನ್ನು ಗಮನಿಸಬೇಕು. ಅದರೊಳಗೆ ರಬ್ಬರಿನಂಥ ಪೊರೆಗಳು ಹಿಂದಕ್ಕೂ ಮುಂದಕ್ಕೂ ಚಲಿಸುತ್ತ ನೀರನ್ನು ಗುಟುಕು ಗುಟುಕಾಗಿ ನೂಕುತ್ತವೆ. ಆದ್ದರಿಂದ ಅದು ಓಡುವಷ್ಟು ಹೊತ್ತೂ ನಡುಗುತ್ತದೆ; ತಯಾರಕರು ಅದರ ಪಾದಗಳಿಗೆ ರಬ್ಬರು ಹಾಕುವುದು ಇದಕ್ಕಾಗಿಯೇ. ಇನ್ನು 15 ಮಿಲಿಮೀಟರಿನ 'ಪುಶ್ ಫಿಟ್' ಪ್ಲಾಸ್ಟಿಕ್ ಕೊಳವೆ. ಇದನ್ನು ಬೆಸೆಯಬೇಕಿಲ್ಲ, ಅಂಟು ಹಚ್ಚಬೇಕಿಲ್ಲ. ಒಳಗೆ ತಳ್ಳಿದರೆ ಸಾಕು. ಹಲ್ಲುಗಳಿರುವ ಉಂಗುರವೊಂದು ಕೊಳವೆಯನ್ನು ಕಚ್ಚಿ ಹಿಡಿಯುತ್ತದೆ, ರಬ್ಬರಿನ ಬಳೆಯೊಂದು ನೀರನ್ನು ತಡೆಯುತ್ತದೆ. ಮನೆಗಳ ನಲ್ಲಿಯ ಒತ್ತಡವನ್ನೇ ತಾಳುವ ಈ ಸಂದುಗಳಿಗೆ ದೋಣಿಯ ಪಂಪಿನ ಒತ್ತಡ ಲೆಕ್ಕಕ್ಕಿಲ್ಲ. ಅವುಗಳ ನಿಜವಾದ ವೈರಿ ನಡುಕ. ನೇರವಾಗಿ ಜೋಡಿಸಿದರೆ ಪಂಪಿನ ಪಾದದ ರಬ್ಬರು ವ್ಯರ್ಥವಾಗುತ್ತದೆ; ನಡುಕವೆಲ್ಲ ಕೊಳವೆಗೆ ಹತ್ತಿ, ರಬ್ಬರಿನ ಬಳೆ ದಿನದಿನವೂ ಉಜ್ಜಿ ಸವೆಯುತ್ತದೆ; ಪಂಪಿನ ಸದ್ದು ಕೊಳವೆಯ ಗುಂಟ ಇಡೀ ದೋಣಿಗೆ ಕೇಳುತ್ತದೆ.

ಇನ್ನೊಂದು ತೊಡಕು ತಿರುಪಿನದು. ಪಂಪಿನ ಬಾಯಿಯ ಅರ್ಧ ಅಂಗುಲದ ತಿರುಪನ್ನು ಕಂಡವರಿಗೆ ಅಂಗಡಿಯ ಅರ್ಧ ಅಂಗುಲದ ನಲ್ಲಿ ಜೋಡಕವನ್ನೇ ಹಾಕೋಣ ಎನ್ನಿಸುವುದು ಸಹಜ. ಆದರೆ ಬ್ರಿಟಿಷ್ ಕೊಳವೆ ತಿರುಪಿನ ಸುತ್ತುಗಳ ಕೋನ 55 ಡಿಗ್ರಿ. 1841ರಲ್ಲಿ ಜೋಸೆಫ್ ವಿಟ್ವರ್ತ್ ಪ್ರತಿಪಾದಿಸಿದ ಕೋನವದು. ಅಮೆರಿಕದ ಪದ್ಧತಿಯಲ್ಲಿ ಅದು 60 ಡಿಗ್ರಿ. ಅರ್ಧ ಅಂಗುಲದ ಅಳತೆಯಲ್ಲಿ ಎರಡಕ್ಕೂ ಅಂಗುಲಕ್ಕೆ 14 ಸುತ್ತುಗಳೇ! ಆದ್ದರಿಂದ ಒಂದು ಇನ್ನೊಂದರೊಳಗೆ ಹೊಕ್ಕು, ಸರಿಹೊಂದಿತೆಂಬ ಭ್ರಮೆ ಹುಟ್ಟಿಸುತ್ತದೆ. ಆಮೇಲೆ ತೊಟ್ಟಿಕ್ಕುತ್ತದೆ. ಟೆಫ್ಲಾನ್ ಟೇಪು ದಪ್ಪಗೆ ಸುತ್ತಿ ಬಲವಾಗಿ ಬಿಗಿದರೆ ಪಂಪಿನ ಪ್ಲಾಸ್ಟಿಕ್ ತಲೆಯೇ ಬಿರಿಯಬಹುದು.

ಕನ್ನಡ ವ್ಯಾಕರಣ ಕಲಿಸಿದವನಿಗೆ ಇಲ್ಲಿ ಆಗಮ ಸಂಧಿ ನೆನಪಾಗದಿರುತ್ತದೆಯೆ? 'ಮನೆ' ಮತ್ತು 'ಅನ್ನು' ಹತ್ತಿರ ಬಂದಾಗ ಎರಡು ಸ್ವರಗಳು ನೇರವಾಗಿ ಕೂಡಲಾರವು. ನಡುವೆ ಯಕಾರ ಬಂದು 'ಮನೆಯನ್ನು' ಆಗುತ್ತದೆ. ಆ ಯಕಾರಕ್ಕೆ ಸ್ವಂತ ಅರ್ಥವಿಲ್ಲ. ಹಾಗೆಂದು ಅದನ್ನು ದಂಡವೆಂದು ಕಿತ್ತೆಸೆದರೆ ಪದವೇ ಕೆಡುತ್ತದೆ. ಬಳುಕುವ ತುಂಡು ಕೊಳವೆಯೂ ಅಂಥದೇ. ನಡುಗುವುದನ್ನೂ ನಿಶ್ಚಲವಾದುದನ್ನೂ ಅದು ಕೂಡಿಸುತ್ತದೆ.

ಹಾಗಾದರೆ ಕ್ರಮವೇನು? ಪಂಪಿನ ಜೊತೆಗೇ ಬರುವ, ಅದರ ತಿರುಪಿಗೆ ಹೊಂದುವ ಹೋಸ್ ಬಾಲವನ್ನು ಕೈಯಿಂದಲೇ ಬಿಗಿಯಬೇಕು. ಅದಕ್ಕೆ ಕುಡಿಯುವ ನೀರಿಗೆ ಯೋಗ್ಯವಾದ, ಒಳಗೆ ನೂಲಿನ ಬಲವುಳ್ಳ ಅರ್ಧ ಅಂಗುಲದ ಹೋಸನ್ನು ಒಂದೂವರೆ ಅಡಿಯಷ್ಟು ತೊಡಿಸಿ, ತುಕ್ಕು ಹಿಡಿಯದ ಪಟ್ಟಿಗಳಿಂದ ಬಿಗಿಯಬೇಕು. ಹೋಸಿನ ಇನ್ನೊಂದು ತುದಿಗೆ, ಒಂದು ಬದಿ ಹೋಸ್ ಬಾಲವೂ ಮತ್ತೊಂದು ಬದಿ 15 ಮಿಲಿಮೀಟರಿನ ನಯವಾದ ಕಾಂಡವೂ ಇರುವ ಜೋಡಕ ಹಾಕಿ, ಆ ಕಾಂಡವನ್ನು ಪುಶ್ ಫಿಟ್ ಸಂದಿಗೆ ತಳ್ಳಬೇಕು. ಪಂಪು ನೀರು ಹೀರುವ ಬದಿಗೂ ಇದೇ ಕ್ರಮ. ಅಲ್ಲಿ ಕಸ ತಡೆಯುವ ಜಾಲರಿಯೂ ಬೇಕು. ಪ್ಲಾಸ್ಟಿಕ್ ಕೊಳವೆಯನ್ನು ಗರಗಸದಿಂದ ಕೊಯ್ಯದೆ ಕತ್ತರಿಯಿಂದ ನೇರವಾಗಿ ಕತ್ತರಿಸಿ, ತುದಿಯೊಳಗೆ ಒಳಬಳೆ ಇಟ್ಟು, ತಳ್ಳಿದ ಮೇಲೆ ಹಿಂದಕ್ಕೆಳೆದು ಪರೀಕ್ಷಿಸಬೇಕು.

ಸಂದುಗಳು ಹೆಚ್ಚಿದಷ್ಟೂ ಸೋರುವ ತಾಣಗಳು ಹೆಚ್ಚುತ್ತವೆ ಎಂಬುದು ಆ ಕೆಲಸಗಾರನ ವಾದವಂತೆ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಹೋಸಿನ ಪಟ್ಟಿ ಸಡಿಲವಾದರೆ ಕಣ್ಣಿಗೆ ಕಾಣುತ್ತದೆ, ತಿರುಪುಳಿಯಿಂದ ಬಿಗಿಯಬಹುದು. ಸಂದಿನೊಳಗೆ ಸವೆದ ರಬ್ಬರಿನ ಬಳೆ ಯಾರಿಗೂ ಕಾಣುವುದಿಲ್ಲ. ಕಾಣುವ ಎರಡು ಸಂದುಗಳು ಕಾಣದ ಒಂದಕ್ಕಿಂತ ಮೇಲು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಮಾತೇ ಎಂದು ಓದುಗರು ಕೇಳಬಹುದು. ಮನೆಯಲ್ಲಿ ಕೊಳವೆ ಸೋರಿದರೆ ಗೋಡೆ ನೆನೆದು ಸುದ್ದಿ ಮುಟ್ಟಿಸುತ್ತದೆ. ದೋಣಿಯಲ್ಲಿ ನೀರು ನೆಲಹಲಗೆಯ ಕೆಳಗೆ ಸದ್ದಿಲ್ಲದೆ ಇಳಿದು ಉಕ್ಕಿನ ತಳದ ಮೇಲೆ ನಿಲ್ಲುತ್ತದೆ. ಹೊರಗಿನ ತುಕ್ಕಿಗೆ ಬಣ್ಣವುಂಟು, ದಡಕ್ಕೆಳೆದು ನೋಡುವ ಪದ್ಧತಿಯುಂಟು; ಒಳಗಿನಿಂದ ತಿನ್ನುವ ತುಕ್ಕನ್ನು ನೋಡುವವರಾರು? ಅವನ ಸಂಸಾರ ಮಲಗುವುದು ಆ ಉಕ್ಕಿನ ತಳದ ಮೇಲೆಯೇ. ಇತ್ತ ನೀರು ಸೋರಿದಷ್ಟೂ ಪಂಪು ಮತ್ತೆ ಮತ್ತೆ ಓಡಿ ಬ್ಯಾಟರಿಯನ್ನೂ ಬರಿದು ಮಾಡುತ್ತದೆ.

ಅವನಿಗೆ ಕೊನೆಯದಾಗಿ ಎರಡು ಮಾತು ಬರೆದಿದ್ದೇನೆ. ದೋಣಿ ಬಿಟ್ಟು ಹೊರಡುವಾಗ ಪಂಪಿನ ಸ್ವಿಚ್ಚನ್ನು ಆರಿಸು. ರಾತ್ರಿ ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಪಂಪು ಒಮ್ಮೆ ಗುರ್ರೆಂದು ಸುಮ್ಮನಾದರೆ ಮಗ್ಗುಲು ಬದಲಿಸಿ ಮಲಗಬೇಡ. ಎಲ್ಲೋ ನೀರು ಸೋರುತ್ತಿದೆ, ಇಲ್ಲವೆ ಪಂಪಿನ ಕವಾಟ ಹಿಡಿಯುತ್ತಿಲ್ಲ. ದೀಪ ಹಚ್ಚಿ ಎದ್ದು ನೋಡು.