ಮಧ್ಯವರ್ತಿಯ ಕಾಯಕ ಮತ್ತು ಅದರ ಎಲ್ಲೆ



ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂದು ನಾವು ನಿತ್ಯವೂ ಹೇಳುತ್ತೇವೆ. ಮಡಿವಾಳ ಮಾಚಯ್ಯನವರ, ಅಂಬಿಗರ ಚೌಡಯ್ಯನವರ, ಹಗ್ಗ ಹೊಸೆದ ನುಲಿಯ ಚಂದಯ್ಯನವರ ದುಡಿಮೆಗೆ ತಲೆಬಾಗುತ್ತೇವೆ. ಆದರೆ ಮನೆ, ನಿವೇಶನ, ಜಮೀನುಗಳ ವ್ಯವಹಾರ ಕುದುರಿಸುವ ಮಧ್ಯವರ್ತಿಯ ಪ್ರಸ್ತಾಪ ಬಂದೊಡನೆ ನಮ್ಮ ನಾಲಗೆ ತಿರುಗುತ್ತದೆ. “ಅವನೇನು ಮಾಡಿದ? ನಾಲ್ಕು ಮಾತಾಡಿದ, ದುಡ್ಡು ಕೇಳಿದ” ಎನ್ನುತ್ತೇವೆ. ಈ ತಾತ್ಸಾರವು ಕಾಯಕ ತತ್ತ್ವಕ್ಕೆ ಸಲ್ಲದು.

ಆ ನಾಲ್ಕು ಮಾತುಗಳ ಹಿಂದೆ ಎಷ್ಟು ದುಡಿಮೆಯಿದೆ ಎಂಬುದನ್ನು ವಿಚಾರಿಸಬೇಕು. ಪಹಣಿಯಲ್ಲಿ ಯಾರ ಹೆಸರಿದೆ, ಭೂ ಪರಿವರ್ತನೆಯಾಗಿದೆಯೇ, ಖಾತೆ ಸರಿಯಿದೆಯೇ, ಋಣಭಾರ ಪ್ರಮಾಣಪತ್ರದಲ್ಲಿ ಅಡಮಾನವೇನಾದರೂ ಕಾಣುತ್ತದೆಯೇ, ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿ ಬಿಟ್ಟುಹೋಗಿದೆಯೇ, ಇವೆಲ್ಲವನ್ನೂ ಅರಿತವನೇ ನಿಜವಾದ ಮಧ್ಯವರ್ತಿ. ಅವನು ಬಿಸಿಲಿನಲ್ಲಿ ಹತ್ತು ನಿವೇಶನ ತೋರಿಸಿ, ಒಂದನ್ನು ಕುದುರಿಸಿಕೊಟ್ಟ ಮೇಲೆ, ಬೆನ್ನ ಹಿಂದೆ ಮಾರುವವರನ್ನು ಸಂಧಿಸಿ ನೋಂದಣಿ ಮುಗಿಸಿಕೊಳ್ಳುವವರು ನಮ್ಮೊಳಗೂ ಇದ್ದಾರೆ. “ನೀವು ನಮ್ಮವರೇ ಅಲ್ಲವೇ, ನಮ್ಮ ಹತ್ತಿರ ಎಂಥ ಕಮಿಷನ್?” ಎಂದು ಕೇಳುವವರೂ ಇದ್ದಾರೆ. ದುಡಿದವನು ಸ್ವಸಂತೋಷದಿಂದ ಸಮಾಜಕ್ಕೆ ಸಲ್ಲಿಸುವುದು ದಾಸೋಹ. ಅವನ ಕೂಲಿಯನ್ನು ನೆಂಟಸ್ತಿಕೆಯ ಹೆಸರಿನಲ್ಲಿ ಕಸಿಯುವುದು ಕಳವು.

ಈ ವೃತ್ತಿಯಲ್ಲಿರುವ ಭಕ್ತರಿಗೂ ಒಂದು ಮಾತು. ಸಂಕೋಚದಿಂದ ಬಾಯಿ ಮುಚ್ಚಿಕೊಂಡಿದ್ದು ಕೊನೆಗೆ ಕೊರಗುವುದು ವಿನಯವಾಗದು. 1872ರ ಭಾರತೀಯ ಕರಾರು ಅಧಿನಿಯಮದ 219ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಒಪ್ಪಿಕೊಂಡ ಕಾರ್ಯ ಮುಗಿಯುವವರೆಗೆ ಏಜೆಂಟನಿಗೆ ಸಂಭಾವನೆ ಸಲ್ಲುವುದಿಲ್ಲ. ಆದುದರಿಂದ ಶೇಕಡಾ ಒಂದೋ ಎರಡೋ, ಕೊಡುವವರು ಯಾರು, ಯಾವ ದಿನ ಎಂಬುದನ್ನು ನಿವೇಶನ ತೋರಿಸುವ ಮುನ್ನವೇ ಬರೆದುಕೊಳ್ಳಿರಿ. ರಾತ್ರಿ ಹನ್ನೊಂದರ ಕರೆ ಬೆಳಗಿನವರೆಗೆ ಕಾಯಲಿ. ಪೂಜೆಯ ಹೊತ್ತನ್ನೂ ಮಕ್ಕಳೊಡನೆ ಉಣ್ಣುವ ಹೊತ್ತನ್ನೂ ಗಿರಾಕಿಗೆ ಒತ್ತೆಯಿಡಬೇಡಿರಿ. ಲೆಕ್ಕಕ್ಕೆ ಸಿಗದ ಹಣ ಸಾಗಿಸಲು, ದಾಖಲೆ ಮರೆಮಾಡಲು ಹೇಳಿದರೆ ಒಲ್ಲೆನೆನ್ನಿರಿ.

ಎಲ್ಲೆಯು ತನಗೂ ಇರಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿಯ ಕಾಳು ಆಯುವ ಕಾಯಕದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಿರುಗಿಸಲು ಹೇಳಿದರೆಂಬುದು ನಮಗೆಲ್ಲ ತಿಳಿದ ವೃತ್ತಾಂತ. ಆ ತಾಯಿ ತಮ್ಮ ಪಾಲನ್ನು ಬಿಡಲಿಲ್ಲ, ಪಾಲನ್ನು ಮೀರಲೂ ಇಲ್ಲ. ಮಾರುವವರು ಹೇಳಿದ ಬೆಲೆಯ ಮೇಲೆ ಗುಟ್ಟಾಗಿ ಲಕ್ಷ ಏರಿಸಿ ನುಂಗುವ ದಲ್ಲಾಳಿ ಲಕ್ಕಮ್ಮನವರ ಮುಂದೆ ನಿಲ್ಲಬಲ್ಲನೇ? ದುರ್ವರ್ತನೆ ತೋರಿದ ಏಜೆಂಟನಿಗೆ ಆ ಭಾಗದ ಸಂಭಾವನೆಯಿಲ್ಲವೆಂದು ಅದೇ ಅಧಿನಿಯಮದ 220ನೆಯ ಕಲಮೂ ಹೇಳುತ್ತದೆ. ರೇರಾ ಎಂದು ಕರೆಯಲ್ಪಡುವ 2016ರ ಅಧಿನಿಯಮವು, ನೋಂದಾಯಿತ ಯೋಜನೆಗಳ ನಿವೇಶನ, ಮನೆ ಮಾರಿಸುವ ಏಜೆಂಟರು ತಾವೂ ನೋಂದಾಯಿಸಿಕೊಂಡು, ಲೆಕ್ಕಪುಸ್ತಕವಿಟ್ಟು, ದಾಖಲೆಗಳು ಕೊಳ್ಳುವವರ ಕೈಸೇರುವಂತೆ ನೋಡಿಕೊಳ್ಳಬೇಕೆಂದು ವಿಧಿಸಿದೆ.

ಆದಕಾರಣ ಭಕ್ತರೇ, ಮುಂದಿನ ಬಾರಿ ಮನೆ ಕೊಳ್ಳುವಾಗ ಮಧ್ಯವರ್ತಿಯ ಪ್ರತಿಫಲವನ್ನು ಮೊದಲೇ ಕೇಳಿ, ಒಪ್ಪಿದ್ದನ್ನು ನೋಂದಣಿಯ ದಿನವೇ ಚೌಕಾಸಿಯಿಲ್ಲದೆ ಸಲ್ಲಿಸಿರಿ. ಮಧ್ಯವರ್ತಿಗಳೇ, ಬರೆದುದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಮುಟ್ಟದಿರಿ.