ತಾಯಿಗೆ ದೊರೆತ ಅನುಮತಿ ಮಗುವಿಗೂ ದೊರೆಯಿತೇ?

ಘೋಡಬಂದರ್ ರಸ್ತೆಯ ಮಾನಪಾಡಾದ ಬಳಿಯ ಹೋಟೆಲೊಂದರಲ್ಲಿ ಬಹುಕಾಲದಿಂದ ಗಲ್ಲಾ ನೋಡಿಕೊಳ್ಳುತ್ತಿರುವ ಹಿರಿಯರೊಬ್ಬರು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದರು. ಅವರ ಮಗಳು ಚಿಕ್ಕ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡವಳು. ಮೂರು ವರ್ಷಗಳ ಹಿಂದೆ ಅವಳಿಗೆ ಪುನರ್ವಿವಾಹವಾಯಿತು. ವರನು ಅಮೆರಿಕೆಯ ಪೌರತ್ವ ಪಡೆದ ನಮ್ಮ ಊರಿನವನೇ. ಅವನು ಹೆಂಡತಿಗಾಗಿ ಹಾಕಿದ ಅರ್ಜಿ ಮಂಜೂರಾದ ಪತ್ರ ಬಂದಿತ್ತು. ಮನೆಯಲ್ಲಿ ಪಾಯಸ ಮಾಡಿ ಉಂಡದ್ದೂ ಆಗಿತ್ತು. ಆಮೇಲೆ ಪತ್ರವನ್ನು ನಿಧಾನವಾಗಿ ಓದಿದಾಗ ಅದರಲ್ಲಿ ಮಗಳ ಹೆಸರೊಂದೇ ಇರುವುದು ಕಂಡಿತು. ಹದಿನೇಳು ವರ್ಷದ ಮೊಮ್ಮಗನ ಹೆಸರು ಎಲ್ಲಿಯೂ ಇರಲಿಲ್ಲ. "ತಾಯಿಗೆ ಸಿಕ್ಕಿದ ಮೇಲೆ ಮಗನಿಗೂ ಸಿಕ್ಕಿದ ಹಾಗೆಯೇ ಅಲ್ಲವೇ ಸ್ವಾಮಿ?" ಎಂದು ಅವರು ಕೇಳಿದರು.

ಹಾಗಲ್ಲ ಎಂದು ಹೇಳುವುದು ನಮಗೂ ಸುಲಭವಾಗಿರಲಿಲ್ಲ. ಇದು ಅವರೊಬ್ಬರ ತಪ್ಪುತಿಳಿವಳಿಕೆಯೂ ಅಲ್ಲ. ಮಾಜಿವಾಡಾದಿಂದ ಗಾಯಮುಖದವರೆಗೆ, ಅತ್ತ ಡೊಂಬಿವಲಿ ಕಲ್ಯಾಣಗಳಲ್ಲಿಯೂ, ಹೋಟೆಲಿನಲ್ಲಿ ದುಡಿದು ಮಕ್ಕಳನ್ನು ಓದಿಸಿದ ನಮ್ಮವರ ಅನೇಕ ಮನೆಗಳಲ್ಲಿ ಇಂದು ವಿದೇಶದ ಸಂಬಂಧಗಳು ಕೂಡಿಬರುತ್ತಿವೆ. ವಿಧವೆಗೂ ವಿಚ್ಛೇದಿತೆಗೂ ಮರಳಿ ಮದುವೆಯಾಗುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಮಾತುಕತೆಯ ದಿನ ಜಾತಕ, ಸಂಬಳ, ಊರು, ಕೇರಿ ಎಲ್ಲವನ್ನೂ ವಿಚಾರಿಸುವ ಹಿರಿಯರು ಮೊದಲ ಮದುವೆಯ ಮಗುವಿನ ವಿಷಯ ಬಂದಾಗ ಮಾತ್ರ ಸ್ವರ ತಗ್ಗಿಸಿ "ಅದು ಆಮೇಲೆ ನೋಡೋಣ" ಎಂದು ಮುಗಿಸಿಬಿಡುತ್ತಾರೆ. ಈ "ಆಮೇಲೆ" ಎಂಬ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಅಮೆರಿಕೆಯ ನಿಯಮವನ್ನು ನೋಡೋಣ. ಅಲ್ಲಿಯ ಪೌರನು ತನ್ನ ಹೆಂಡತಿಗಾಗಿ ಸಲ್ಲಿಸುವ ಐ-೧೩೦ ಎಂಬ ಅರ್ಜಿ ಆ ಹೆಂಡತಿಯೊಬ್ಬಳಿಗೆ ಮಾತ್ರ ಅನ್ವಯಿಸುತ್ತದೆ. ಅವಳ ಮಗು ಅದರ ನೆರಳಿನಲ್ಲಿ ಹೋಗುವಂತಿಲ್ಲ. ಮಲತಂದೆಯು ಮಗುವಿಗಾಗಿ ಬೇರೆಯೇ ಒಂದು ಅರ್ಜಿ ಸಲ್ಲಿಸಬೇಕು. ಇದಕ್ಕೆ ದತ್ತು ಪಡೆಯುವ ಅಗತ್ಯವಿಲ್ಲ. ತಾಯಿಯೊಡನೆ ಆದ ಮದುವೆಯೇ ಆ ಸಂಬಂಧವನ್ನು ಉಂಟುಮಾಡುತ್ತದೆ. ಆದರೆ ಮದುವೆಯ ದಿನ ಮಗುವಿಗೆ ೧೮ ವರ್ಷ ತುಂಬಿರಬಾರದು. ಅರ್ಜಿ ಸಲ್ಲಿಸುವ ದಿನ ೨೧ ವರ್ಷ ತುಂಬಿರಬಾರದು, ಮದುವೆಯೂ ಆಗಿರಬಾರದು. ೨೦೦೨ರಲ್ಲಿ ಅಲ್ಲಿ ಜಾರಿಗೆ ಬಂದ ಒಂದು ಕಾನೂನಿನ ಪ್ರಕಾರ, ಪೌರನು ಅರ್ಜಿ ಸಲ್ಲಿಸಿದ ದಿನ ಮಗುವಿಗೆ ಇದ್ದ ವಯಸ್ಸೇ ಲೆಕ್ಕಕ್ಕೆ ನಿಲ್ಲುತ್ತದೆ. ಕಚೇರಿಯ ವಿಳಂಬದಿಂದ ಮಗು ದೊಡ್ಡದಾಯಿತೆಂದು ಹಕ್ಕು ತಪ್ಪುವುದಿಲ್ಲ. ನಮ್ಮ ಹಿರಿಯರ ಮೊಮ್ಮಗನಿಗೆ ತಾಯಿಯ ಮದುವೆಯ ದಿನ ಹದಿನಾಲ್ಕು ವರ್ಷ. ಆದುದರಿಂದ ಅವನ ದಾರಿ ಮುಚ್ಚಿಲ್ಲ. ಮೂರು ವರ್ಷ ಮಾತ್ರ ವ್ಯರ್ಥವಾಯಿತು. ತಾಯಿಯ ಅರ್ಜಿಯ ಜೊತೆಗೇ ಮಗನದನ್ನೂ ಹಾಕಿದ್ದರೆ ಇಬ್ಬರೂ ಒಂದೇ ವಿಮಾನದಲ್ಲಿ ಹೋಗಬಹುದಿತ್ತು.

ವರನು ಪೌರನಾಗಿರದೆ ಕೇವಲ ಶಾಶ್ವತ ವಾಸದ ಹಕ್ಕು, ಅಂದರೆ ಗ್ರೀನ್ ಕಾರ್ಡ್, ಹೊಂದಿದವನಾಗಿದ್ದರೆ ನಿಯಮ ಬೇರೆ. ಆಗ ಹೆಂಡತಿಯ ಅರ್ಜಿಯಲ್ಲಿಯೇ ಅವಳ ೨೧ ತುಂಬದ ಅವಿವಾಹಿತ ಮಗುವಿಗೂ ಸ್ಥಾನವುಂಟು. ಆದರೆ ಇಲ್ಲೊಂದು ವಿಚಿತ್ರವಾದ ತೊಡಕಿದೆ. ಅರ್ಜಿ ಸರದಿಯಲ್ಲಿರುವಾಗಲೇ ವರನಿಗೆ ಪೌರತ್ವ ದೊರೆತರೆ ಹೆಂಡತಿಯ ಸರದಿ ಬೇಗ ಬರುತ್ತದೆ, ಮಗುವಿನ ಸ್ಥಾನ ಬಿದ್ದುಹೋಗುತ್ತದೆ! ಎಲ್ಲರೂ ಸಿಹಿ ಹಂಚುವ ಆ ಸುದ್ದಿಯ ದಿನವೇ ಮಗುವಿಗಾಗಿ ಬೇರೆ ಅರ್ಜಿ ಹಾಕದಿದ್ದರೆ ಅದು ಹಿಂದುಳಿಯಿತೆಂದೇ ಅರ್ಥ.

ಇನ್ನು ಮಗಳಿಗೆ ೧೮ ತುಂಬಿದ ಎರಡು ತಿಂಗಳ ಮೇಲೆ ತಾಯಿಯ ಮದುವೆ ಇಟ್ಟುಕೊಂಡರೆಂದು ಭಾವಿಸಿ. ಒಳ್ಳೆಯ ಮುಹೂರ್ತಕ್ಕಾಗಿ ಕಾದವರೂ ಇದ್ದಾರೆ, ಮಗಳ ಪರೀಕ್ಷೆ ಮುಗಿಯಲೆಂದು ಕಾದವರೂ ಇದ್ದಾರೆ. ಆಗ ಆ ದೇಶದ ಕಾನೂನಿನ ದೃಷ್ಟಿಯಲ್ಲಿ ಮಲತಂದೆಗೂ ಆ ಮಗಳಿಗೂ ಯಾವ ಸಂಬಂಧವೂ ಇಲ್ಲ. ತಾಯಿಯು ಹೋಗಿ, ತಾನು ಶಾಶ್ವತ ನಿವಾಸಿಯಾದ ಮೇಲೆ ತನ್ನ ಹೆಸರಿನಲ್ಲಿಯೇ ಮಗಳಿಗಾಗಿ ಅರ್ಜಿ ಹಾಕಿ ಸರದಿಯಲ್ಲಿ ಕಾಯಬೇಕು. ೨೧ ದಾಟಿದ ಮಕ್ಕಳ ಸರದಿಯಂತೂ ಹಲವು ವರ್ಷಗಳಷ್ಟು ದೀರ್ಘವಾದುದು. ಎರಡು ತಿಂಗಳ ಮುಹೂರ್ತಕ್ಕೆ ತೆರುವ ಬೆಲೆ ಇದು.

ಕೆನಡಾದಲ್ಲಿ ತಾಯಿಯ ಅರ್ಜಿಯಲ್ಲಿಯೇ ಅವಳ ಮಗುವನ್ನೂ ಸೇರಿಸಬಹುದು. ೨೦೧೭ರ ಅಕ್ಟೋಬರದಿಂದ ೨೨ ವರ್ಷ ತುಂಬದ ಅವಿವಾಹಿತ ಮಕ್ಕಳಿಗೆ ಈ ಅವಕಾಶವಿದೆ. ಆದರೆ ಅಲ್ಲಿಯ ನಿಯಮ ಮತ್ತೊಂದು ರೀತಿಯಲ್ಲಿ ಕಠಿಣವಾಗಿದೆ. ಮಗು ಈಗ ಜೊತೆಗೆ ಬರಲಿ ಬಾರದಿರಲಿ, ಅದರ ಹೆಸರನ್ನು ಅರ್ಜಿಯಲ್ಲಿ ಬರೆಯಲೇಬೇಕು, ವೈದ್ಯಕೀಯ ಪರೀಕ್ಷೆ ಮಾಡಿಸಲೇಬೇಕು. ಮರೆಮಾಚಿ ಹೋದ ತಾಯಿಯು ಮುಂದೆ ಆ ಮಗುವನ್ನು ಕುಟುಂಬದ ವರ್ಗದಲ್ಲಿ ಕರೆಸಿಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳುತ್ತಾಳೆ. ೨೦೧೯ರಲ್ಲಿ ಅಲ್ಲಿಯ ಸರ್ಕಾರ ಇಂಥವರಲ್ಲಿ ಕೆಲವರಿಗೆ ತಾತ್ಕಾಲಿಕವಾದ ರಿಯಾಯಿತಿ ತೋರಿಸಿದ್ದುಂಟು. ಆದರೆ ತಾತ್ಕಾಲಿಕ ದಯೆಯನ್ನು ನೆಚ್ಚಿ ಸುಳ್ಳು ಬರೆಯುವುದು ವಿವೇಕವಲ್ಲ. ಆಸ್ಟ್ರೇಲಿಯದಲ್ಲಿ ಪತಿಪತ್ನಿಯರಿಗೆ ಮೊದಲು ತಾತ್ಕಾಲಿಕ, ಅನಂತರ ಶಾಶ್ವತ ಎಂದು ಎರಡು ಹಂತಗಳು. ಮೊದಲ ಹಂತದಲ್ಲಿ ಬಿಟ್ಟುಹೋದ ಮಗುವಿಗೆ ೪೪೫ ಎಂಬ ಕ್ರಮಸಂಖ್ಯೆಯ ವೀಸಾ ಇದೆ. ಆದರೆ ತಾಯಿಯ ಎರಡನೆಯ ಹಂತದ ತೀರ್ಮಾನವಾಗುವುದಕ್ಕೆ ಮುಂಚೆಯೇ ಅದನ್ನು ಪಡೆದು, ಮಗುವನ್ನು ಅವಳ ಅರ್ಜಿಗೆ ಸೇರಿಸಿರಬೇಕು. ಹೀಗೆ ದೇಶ ಯಾವುದಾದರೂ ಪಾಠ ಒಂದೇ. ಮಗುವಿನ ಹೆಸರನ್ನು ಮೊದಲ ದಿನವೇ ಬರೆಯಿರಿ.

ಹೊರದೇಶದ ಬಾಗಿಲು ತಟ್ಟುವ ಮೊದಲು ನಮ್ಮ ದೇಶದ ಕಾಗದಪತ್ರಗಳೂ ಸರಿಯಾಗಿರಬೇಕು. ಅಪ್ರಾಪ್ತ ಮಗುವಿನ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರ ಒಪ್ಪಿಗೆ ಬೇಕು. ಒಬ್ಬರೇ ಕೇಳುವುದಾದರೆ ಅದಕ್ಕೆ ಕಾರಣ ತಿಳಿಸುವ ಪ್ರತ್ಯೇಕ ಘೋಷಣೆ ಕೊಡಬೇಕು. ವಿಧವೆಗೆ ಮರಣಪತ್ರ ಸಾಕಾದೀತು. ವಿಚ್ಛೇದಿತೆಯ ಕಷ್ಟ ಹೆಚ್ಚಿನದು. ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ ಪಡೆಯುವಾಗ, ಬೇಗ ಮುಗಿದರೆ ಸಾಕೆಂದು, ಮಗು ಯಾರ ವಶದಲ್ಲಿರಬೇಕೆಂಬುದನ್ನು ಒಂದೇ ಸಾಲಿನಲ್ಲಿ ಬರೆಸಿಬಿಡುತ್ತಾರೆ. ಮಗುವನ್ನು ವಿದೇಶಕ್ಕೆ ಕರೆದೊಯ್ಯುವ, ಅಲ್ಲಿಯೇ ನೆಲೆಸುವ ಹಕ್ಕಿನ ವಿಷಯ ಅದರಲ್ಲಿ ಇರುವುದಿಲ್ಲ. ಕೆನಡಾ ಮತ್ತು ಆಸ್ಟ್ರೇಲಿಯಗಳು ೧೮ ತುಂಬದ ಮಗುವಿಗೆ ಹಿಂದೆ ಉಳಿಯುವ ತಂದೆಯ ಒಪ್ಪಿಗೆಯನ್ನೋ ನ್ಯಾಯಾಲಯದ ಆಜ್ಞೆಯನ್ನೋ ಕೇಳುತ್ತವೆ. ಹತ್ತು ವರ್ಷಗಳಿಂದ ಮುಖ ತೋರಿಸದ ಮನುಷ್ಯನ ಸಹಿಗಾಗಿ ಆಗ ಊರೂರು ಅಲೆಯಬೇಕಾಗುತ್ತದೆ. ಮದುವೆಯ ಮಾತು ಬರುವುದಕ್ಕೆ ಮುಂಚೆಯೇ, ವಿಚ್ಛೇದನದ ಕಾಗದದಲ್ಲಿಯೇ ಇದನ್ನು ಸ್ಪಷ್ಟವಾಗಿ ಬರೆಸಿಕೊಳ್ಳುವುದು ಲೇಸು.

೧೯೫೬ರ ಹಿಂದೂ ಅಪ್ರಾಪ್ತರ ಪಾಲನೆಯ ಕಾನೂನು ಸಹಜ ಪಾಲಕರನ್ನು ಹೆಸರಿಸುವಾಗ, ತಂದೆ ತಾಯಿ ಎಂಬ ಮಾತುಗಳಲ್ಲಿ ಮಲತಂದೆ ಮಲತಾಯಿಯರು ಸೇರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಅಂದರೆ ವಿದೇಶದ ಕಾನೂನು ಮಲತಂದೆಯನ್ನು ತಂದೆಯೆಂದು ಗಣಿಸಿದರೂ ನಮ್ಮ ಕಾನೂನು ಗಣಿಸುವುದಿಲ್ಲ. ಆದುದರಿಂದ ಇಲ್ಲಿಯ ಕಾಗದಗಳಿಗೆ ತಾಯಿಯೇ ಮುಂದೆ ನಿಲ್ಲಬೇಕು. ಅವಳಿಗೆ ನಮ್ಮ ಸರ್ವೋಚ್ಚ ನ್ಯಾಯಾಲಯದ ಬೆಂಬಲ ಇಲ್ಲದೆ ಇಲ್ಲ. ತಂದೆಯು ಬದುಕಿದ್ದರೂ ಮಗುವಿನ ಪಾಲನೆಯಿಂದ ದೂರವಾಗಿದ್ದಲ್ಲಿ ತಾಯಿಯೇ ಸಹಜ ಪಾಲಕಳಾಗಬಹುದೆಂದು ೧೯೯೯ರಲ್ಲಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಅದು ತೀರ್ಪಿತ್ತಿತು. ೨೦೨೨ರಲ್ಲಿ ಆಂಧ್ರದ ವಿಧವೆಯೊಬ್ಬರು ಪುನರ್ವಿವಾಹವಾದ ಮೇಲೆ ಮಗನ ಮನೆತನದ ಹೆಸರಿನ ಬಗ್ಗೆ ಎದ್ದ ವ್ಯಾಜ್ಯದಲ್ಲಿ, ಅದನ್ನು ನಿರ್ಧರಿಸುವ ಹಕ್ಕು ತಾಯಿಯದೆಂದು ಅದು ಹೇಳಿತು. ಕಾಗದಪತ್ರಗಳಲ್ಲಿ ಹೊಸ ಪತಿಯನ್ನು "ಮಲತಂದೆ" ಎಂದೇ ನಮೂದಿಸಬೇಕೆಂದಿದ್ದ ಕೆಳಗಿನ ಆದೇಶ ಕ್ರೂರವೂ ವಿವೇಚನಾರಹಿತವೂ ಆದುದೆಂದು ಖಂಡಿಸಿತು.

ನಮ್ಮ ತುಳುನಾಡಿನವರಿಗೆ ಈ ವಿಚಾರ ಹೊಸದೇನಲ್ಲ. ಅಳಿಯಸಂತಾನದ ಮನೆಗಳಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದುದು. ತಾಯಿ ಇನ್ನೊಂದು ಮದುವೆಯಾದರೂ ಮಗುವಿನ ಮನೆ ಬದಲಾಗುತ್ತಿರಲಿಲ್ಲ, ಸೋದರಮಾವನ ಆಸರೆ ತಪ್ಪುತ್ತಿರಲಿಲ್ಲ. ೧೯೪೯ರ ಮದರಾಸಿನ ಅಳಿಯಸಂತಾನ ಕಾನೂನು, ೧೯೫೬ರ ಉತ್ತರಾಧಿಕಾರದ ಕಾನೂನುಗಳಿಂದ ಆ ಪದ್ಧತಿಯ ಆಸ್ತಿಯ ಕಟ್ಟು ಸಡಿಲಾಯಿತು. ಕಾಲಕ್ಕೆ ತಕ್ಕಂತೆ ಅದು ಆಗತಕ್ಕದ್ದೇ. ಆದರೆ "ಮೊದಲ ಮದುವೆಯ ಮಗು" ಎಂದರೆ ತಲೆ ತಗ್ಗಿಸುವ ಅಭ್ಯಾಸ ನಮ್ಮ ಅಜ್ಜಿಯರದಾಗಿರಲಿಲ್ಲ. ಅದು ನಾವು ನಗರದಲ್ಲಿ ಕಲಿತದ್ದು.

"ಹೊಸ ಸಂಸಾರ ಮೊದಲು ನೆಲೆಗೊಳ್ಳಲಿ, ಮಗು ಅಜ್ಜ ಅಜ್ಜಿಯರ ಬಳಿ ಸುಖವಾಗಿದೆಯಲ್ಲ" ಎಂದು ವಾದಿಸುವವರಿದ್ದಾರೆ. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಪರದೇಶದಲ್ಲಿ ಮನೆ, ಕೆಲಸ, ಶಾಲೆ ಎಲ್ಲವನ್ನೂ ಒಮ್ಮೆಗೇ ಹೊಂದಿಸುವುದು ಕಷ್ಟ. ಅಮೆರಿಕೆಯಲ್ಲಿ ಅರ್ಜಿ ಹಾಕುವವನು ಕುಟುಂಬವನ್ನು ಸಾಕುವಷ್ಟು ವರಮಾನ ತನಗಿದೆಯೆಂದು ಬರೆದುಕೊಡಬೇಕು, ತಲೆ ಹೆಚ್ಚಿದಂತೆ ಆ ಮೊತ್ತವೂ ಹೆಚ್ಚುತ್ತದೆ. ಮಗು ಆರು ತಿಂಗಳು ತಡವಾಗಿ ಹೋದರೆ ಆಕಾಶ ಬೀಳುವುದಿಲ್ಲ. ಆದರೆ ಪ್ರಯಾಣವನ್ನು ಮುಂದೂಡುವುದು ಬೇರೆ, ಅರ್ಜಿಯನ್ನು ಮುಂದೂಡುವುದು ಬೇರೆ. ಮೊದಲನೆಯದು ಸಂಸಾರದ ಅನುಕೂಲಕ್ಕಾಗಿ. ಎರಡನೆಯದರಿಂದ ಮಗುವಿನ ಹಕ್ಕೇ ಕೈಬಿಡುತ್ತದೆ. ಅಜ್ಜನ ಸಂಬಳದಲ್ಲಿ, ಅಜ್ಜಿಯ ಮೊಣಕಾಲುನೋವಿನ ನಡುವೆ ಬೆಳೆಯುವ ಮಗು "ಸುಖವಾಗಿದೆ" ಎಂದು ದೂರದಿಂದ ಹೇಳುವುದು ಸುಲಭ. ಹದಿನೈದು ವರ್ಷದ ಹುಡುಗನಿಗೆ ತನ್ನ ಹೆಸರನ್ನು ಯಾರೂ ಬರೆಯಲಿಲ್ಲವೆಂಬುದು ತಿಳಿಯದೆ ಇರುವುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಇಷ್ಟೇ. ನಿಶ್ಚಿತಾರ್ಥಕ್ಕೆ ಮುಂಚೆಯೇ ವರನ ಕಡೆಯವರನ್ನು ನೇರವಾಗಿ ಕೇಳಿರಿ: ಈ ಮಗುವಿಗಾಗಿ ಅರ್ಜಿ ಹಾಕುವಿರಾ, ಯಾವಾಗ? ತೊದಲುವವನಿಗೆ ಹೆಣ್ಣು ಕೊಡುವ ಅವಸರ ಬೇಡ. ಮಗುವಿನ ಜನನಪತ್ರ, ಹಿಂದಿನ ಮದುವೆ ಮುಗಿದುದರ ದಾಖಲೆ, ಹೊಸ ಮದುವೆಯ ನೋಂದಣಿಪತ್ರ ಇವುಗಳಲ್ಲಿ ಹೆಸರುಗಳ ಅಕ್ಷರಗಳು ಒಂದೇ ಆಗಿರುವಂತೆ ನೋಡಿಕೊಳ್ಳಿರಿ. ಊರಿನಲ್ಲಿ ಹುಟ್ಟಿದ ಮಕ್ಕಳ ಜನನಪತ್ರವನ್ನು ಊರಿಗೆ ಹೋದಾಗಲೇ ತಂದಿಡಿರಿ. ಯಾವ ಅರ್ಜಿಯಲ್ಲಿಯೂ ಮಕ್ಕಳಿಲ್ಲವೆಂದು ಬರೆಯದಿರಿ, ದಲ್ಲಾಳಿ ಎಷ್ಟೇ ಧೈರ್ಯ ಹೇಳಿದರೂ ಬರೆಯದಿರಿ. ಎಲ್ಲಕ್ಕಿಂತ ಮೊದಲು ಮಗುವನ್ನೇ ಕೂರಿಸಿಕೊಂಡು ಕೇಳಿರಿ. ಅದಕ್ಕೆ ಹೋಗುವ ಮನಸ್ಸಿಲ್ಲದಿದ್ದರೆ ಆ ಮಾತಿಗೂ ಬೆಲೆ ಕೊಡಬೇಕು.

ಮುಂಬಯಿ ಠಾಣೆಗಳ ನಮ್ಮ ಸಂಘಸಂಸ್ಥೆಗಳು ವಾರ್ಷಿಕೋತ್ಸವಕ್ಕೂ ಯಕ್ಷಗಾನಕ್ಕೂ ಹಣ ಕೂಡಿಸುತ್ತವೆ, ವಧೂವರರ ಸಮಾವೇಶಗಳನ್ನೂ ನಡೆಸುತ್ತವೆ. ತಿಂಗಳಿಗೊಂದು ಭಾನುವಾರ, ಕಾನೂನು ಬಲ್ಲ ಇಬ್ಬರನ್ನು ಕೂರಿಸಿ, ಇಂಥ ಕಾಗದಗಳನ್ನು ಓದಿ ಹೇಳುವ ವ್ಯವಸ್ಥೆ ಮಾಡಿದರೆ ಖರ್ಚೇನೂ ಹೆಚ್ಚಾಗದು. ಗಲ್ಲಾದಲ್ಲಿ ಕುಳಿತವನಿಗೆ ಇಂಗ್ಲಿಷಿನ ಪತ್ರ ಅರ್ಥವಾಗಲಿಲ್ಲವೆಂದು ಮಗುವೊಂದು ತಾಯಿಯಿಂದ ಅಗಲಬಾರದು. ಸರ್ಕಾರವೂ, ಏಕಾಂಗಿಯಾಗಿ ಮಗುವನ್ನು ಸಾಕಿದ ತಾಯಿಯ ಮಾತನ್ನೇ ಸಾಕೆಂದು ಒಪ್ಪುವ ಸುಲಭವಾದ ಮಾರ್ಗವನ್ನು ಕಲ್ಪಿಸುವುದು ನ್ಯಾಯ.

ಹಿಂದೆ ಅರಬರ ಕುದುರೆಗಳು ಬಂದಿಳಿಯುತ್ತಿದ್ದುದರಿಂದ ಈ ಘೋಡಬಂದರಕ್ಕೆ ಆ ಹೆಸರು ಬಂತೆಂದು ಹೇಳುತ್ತಾರೆ. ಕುದುರೆಗಳನ್ನು ಎಣಿಸಿ ಇಳಿಸಿಕೊಳ್ಳುತ್ತಿದ್ದ ಬಂದರದ ದಾರಿಯಲ್ಲಿ ವಾಸಿಸುವ ನಾವು ನಮ್ಮ ಮಕ್ಕಳನ್ನು ಎಣಿಸುವಾಗ ಒಂದನ್ನು ಬಿಡಬಾರದು. ನಮ್ಮಲ್ಲಿಗೆ ಬಂದ ಹಿರಿಯರು ಅಂದು ರಾತ್ರಿಯೇ ಅಳಿಯನೊಡನೆ ಮಾತನಾಡಿದರಂತೆ. ಮಗನಿಗಾಗಿ ಎರಡನೆಯ ಅರ್ಜಿ ಈಗ ಸಲ್ಲಿಕೆಯಾಗಿದೆ. ತನ್ನ ಅನುಮತಿಯ ಮೇಲೆ ಒಂದು ವರ್ಷ ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ಅದೂ ರದ್ದಾಗುವ ಸಂಭವವಿರುವುದರಿಂದ ತಾಯಿಯೂ ತನ್ನ ಶುಲ್ಕ ದಾಖಲೆಗಳ ಕೆಲಸವನ್ನು ಮುಂದುವರಿಸಿದ್ದಾಳೆ. ಮಗನನ್ನು ಬಿಟ್ಟು ಹೋಗುವುದಿಲ್ಲವೆಂದು ಮಾತ್ರ ಹಟ ಹಿಡಿದಿದ್ದಾಳೆ. ಆ ಹಟವನ್ನು ನಾವು ತಪ್ಪೆನ್ನಲಾರೆವು.